ಜೇನು ನಾಲ್ಕು ದಿನ ಮುಂಚೆ ಬಂದ ವರ್ಷ

ಆ ವರ್ಷ ಮಾರ್ಚ್ ತಿಂಗಳಿಡೀ ನನಗೆ ಒಂದೇ ಸುಸ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಿರುವವರಿಗೆ ಮಾತ್ರೆ ಕೊಡುವುದಿಲ್ಲವಲ್ಲ, ಹಾಗೇ ಮನೆಗೆ ಬಂದೆ. ನಾವು ಟೋಕಿಯೋದ ಫುನಾಬೊರಿಗೆ ಬಂದು ಆಗ ಆರು ವರ್ಷ. ಬೆಳಿಗ್ಗೆ ಐದೂವರೆಗೆ ಎದ್ದು ಗಂಡನಿಗೆ ಡಬ್ಬಿ ಕಟ್ಟುವುದು, ಮಗಳನ್ನು ಎಬ್ಬಿಸುವುದು, ಅವಳ ಶಾಲೆಯಿಂದ ಬಂದ ಚೀಟಿಗಳನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದು ಅರ್ಥ ಮಾಡಿಕೊಳ್ಳುವುದು, ಒಗೆದ ಬಟ್ಟೆಯನ್ನು ಬಾಲ್ಕನಿಯಲ್ಲಿ ಹರವುವುದು. ಇದರಲ್ಲಿ ದಣಿಯುವಂಥದ್ದು ಏನೂ ಇರಲಿಲ್ಲ. ಆದರೂ ಮಧ್ಯಾಹ್ನ ಸೋಫಾದ ಮೇಲೆ ಕುಳಿತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ.

ಮನೆಯೊಳಗೇ ಕೂತು ಹೀಗಾಗುತ್ತಿದೆ, ಹೊರಗೆ ಎಲ್ಲಾದರೂ ಕೆಲಸಕ್ಕೆ ಹೋಗು ಎಂದು ಗಂಡ ಹೇಳುತ್ತಲೇ ಇದ್ದರು. ಹಿಂದಿನ ಆಗಸ್ಟಿನಲ್ಲಿ ನಾವು ಮೂವರೂ ಇಚಿಕಾವಾ ಕಡೆಗೆ ನಾಶಿ ಹಣ್ಣು ತರಲು ಹೋಗಿದ್ದೆವು. ನಾಶಿ ಎಂದರೆ ಪೇರ್ ಜಾತಿಯದು, ಆದರೆ ಸೇಬಿನ ಹಾಗೆ ಗುಂಡಗೆ, ಕಚ್ಚಿದರೆ ಬಾಯಿತುಂಬ ನೀರು. ಒಂದು ತೋಟದ ಮುಂದೆ ತಗಡಿನ ಶೆಡ್ಡಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಹಣ್ಣು ಮಾರುತ್ತಿದ್ದರು. ಅವರ ಹಿಂದೆ ರಟ್ಟಿನ ಮೇಲೆ ಏನೋ ಬರೆದು ತೂಗುಹಾಕಿತ್ತು. ಮಗಳು ಓದಿ ಹೇಳಿದಳು: ಏಪ್ರಿಲ್‌ನಲ್ಲಿ ಹೂವಿನ ಕೆಲಸಕ್ಕೆ ಜನ ಬೇಕು, ಅನುಭವ ಬೇಕಿಲ್ಲ. ನನಗೆ ಅನುಭವ ಇತ್ತು. ನಾನು ಧಾರವಾಡದಲ್ಲಿ ಕೃಷಿ ಎಂಎಸ್ಸಿ ಮಾಡಿದವಳು. ಎರಡು ವರ್ಷ ಸೂರ್ಯಕಾಂತಿ ಹೊಲದಲ್ಲಿ ಛತ್ರಿ ಹಿಡಿದು ನಿಂತು, ಯಾವ ಹೂವಿಗೆ ಎಷ್ಟು ಜೇನು ಬರುತ್ತವೆ ಎಂದು ಬರೆದುಕೊಂಡವಳು. ಮದುವೆಯಾದ ಮೇಲೆ ಆ ವಿದ್ಯೆ ಎಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ.

ಆ ಅಜ್ಜಿಗೆ ನಾನು ಮುರುಕು ಜಪಾನಿಯಲ್ಲಿ ಕೇಳಿದೆ. ಅವರು ನನ್ನ ಕೈಗಳನ್ನು ನೋಡಿ, "ಮಾರ್ಚ್ ಕೊನೆಗೆ ಬನ್ನಿ, ನನ್ನನ್ನು ಒಬಾಚಾನ್ ಅಂತ ಕರೆದರೆ ಸಾಕು" ಎಂದರು. ಒಬಾಚಾನ್ ಎಂದರೆ ಅಜ್ಜಿ. ಅವರು ನನ್ನನ್ನು ಒಕುಸಾನ್ ಎಂದು ಕರೆದರು, ಎಂದರೆ ಯಾರದೋ ಮನೆಯಾಕೆ. ಕೊನೆಯ ತನಕ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲೇ ಇಲ್ಲ.

ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ನಮ್ಮದು ರಾಣೆಬೆನ್ನೂರಿನ ಹತ್ತಿರ. ಅಲ್ಲಿ ಬೀಜದ ಕಂಪನಿಗಳಿಗಾಗಿ ಟೊಮ್ಯಾಟೊ, ಹತ್ತಿ ಹೂಗಳಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಕ್ರಾಸಿಂಗ್ ಎನ್ನುತ್ತಾರೆ ಅದಕ್ಕೆ. ಅವ್ವ ಹದಿನೈದು ವರ್ಷ ಅದೇ ಕೆಲಸ ಮಾಡಿದ್ದಾಳೆ.

"ಜಪಾನಿಗೆ ಹೋಗಿನೂ ಕ್ರಾಸಿಂಗ್ ಮಾಡಾಕ ಹೊಂಟಿ ಏನ? ಎಂಎಸ್ಸಿ ಓದ್ಸಿದ್ದು ಇದಕ್ಕನ?" ಎಂದಳು. "ಯಾವ ಹಣ್ಣು ಅದು, ಪೇರಲಾ?"

"ಪೇರಲ ಅಲ್ಲವ್ವಾ, ಪೇರ್. ಈ ಸಲ ಕೈಯಿಂದ ಅಷ್ಟೇ ಅಲ್ಲ, ಜೇನೂ ತರಸ್ತಾರಂತ."

"ಹಂಗಾದ್ರ ಚಲೋ ಆತು, ಜೇನು ಮಾಡತಾವು ಬಿಡು. ನೀ ಸುಮ್ಮನ ನಿಂತು ನೋಡು."

ಸುಮ್ಮನೆ ನಿಂತು ನೋಡುವ ಆಸೆ ನನಗೂ ಇತ್ತು. ಒಬಾಚಾನ್‌ಗೂ ಇತ್ತು ಎಂದು ತೋರುತ್ತದೆ. ಅವರ ಗಂಡ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ನಲವತ್ತು ವರ್ಷ ಇಬ್ಬರೂ ಸೇರಿ ಕೈಯಲ್ಲೇ ಪರಾಗ ಮುಟ್ಟಿಸಿದ್ದರಂತೆ. ಒಬ್ಬರೇ ಆದ ಮೊದಲ ವರ್ಷ ಅರ್ಧ ತೋಟಕ್ಕೆ ಮುಟ್ಟಿಸುವಷ್ಟರಲ್ಲಿ ಹೂವು ಉದುರಿಹೋಗಿತ್ತು. ಹಾಗಾಗಿ ಈ ವರ್ಷ ಮೊದಲ ಸಲ ಒಬ್ಬ ಜೇನು ಸಾಕುವವನನ್ನು ಗೊತ್ತುಮಾಡಿದ್ದರು. ಅವನನ್ನು ಹಾಚಿಯಾ-ಸಾನ್ ಎನ್ನುತ್ತಿದ್ದರು, ಜೇನಿನವನು ಎಂದು ಅರ್ಥ.

ಮಾರ್ಚ್ ಕೊನೆಯ ವಾರ ನಾನು ಹೋಗತೊಡಗಿದೆ. ಫುನಾಬೊರಿಯಿಂದ ಮೊತೊಯಾವಾತಾ ತನಕ ರೈಲು, ಅಲ್ಲಿಂದ ಬಸ್ಸು. ನಾಶಿ ಮರಗಳನ್ನು ನಮ್ಮ ಕಡೆಯ ದ್ರಾಕ್ಷಿಯ ಹಾಗೆ ಚಪ್ಪರಕ್ಕೆ ಹಬ್ಬಿಸಿರುತ್ತಾರೆ. ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ತಂತಿಗಳು, ಅದಕ್ಕೆ ಕಟ್ಟಿದ ಕೊಂಬೆಗಳು, ಕೊಂಬೆಯ ತುಂಬ ಮೊಗ್ಗು. ಮೊದಲ ಕೆಲಸ ಪರಾಗ ತೆಗೆಯುವುದು. ಒಂದು ನಾಶಿ ತಳಿಯ ಹೂವಿಗೆ ಅದೇ ತಳಿಯ ಪರಾಗ ನಾಟುವುದಿಲ್ಲ, ಬೇರೆ ತಳಿಯದೇ ಬೇಕು. ಅದಕ್ಕೆಂದೇ ತೋಟದಲ್ಲಿ ಎರಡು ತಳಿ ಬೆರೆಸಿ ನೆಟ್ಟಿದ್ದರು; ಕೈಯಿಂದ ಮುಟ್ಟಿಸುವ ಪರಾಗಕ್ಕೆಂದು ಮೂಲೆಯಲ್ಲಿ ಮೂರನೆಯ ತಳಿಯ ನಾಲ್ಕು ಮರಗಳಿದ್ದವು, ಬೇಗ ಹೂಬಿಡುವಂಥವು. ಅವುಗಳ ಮೊಗ್ಗು ಬಿಡಿಸಿ, ಕೇಸರ ಬೇರೆ ಮಾಡಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಣಗಿಸಿದರೆ ಒಂದು ಚಮಚ ಪುಡಿ. ಗೋಣಿಗಟ್ಟಲೆ ಮೊಗ್ಗಿಗೆ ಒಂದು ಚಮಚ.

ಅವತ್ತು ನಾವಿಬ್ಬರೂ ಶೆಡ್ಡಿನಲ್ಲಿ ಆ ಕೆಲಸ ಮಾಡುತ್ತಿದ್ದೆವು. ಗೋಡೆಯ ಫೋನ್ ಹೊಡೆದುಕೊಂಡಿತು. ಒಬಾಚಾನ್ ಕೈ ಪರಾಗವಾಗಿತ್ತು, ಕಿವಿಯೂ ಮಂದ. "ಒಕುಸಾನ್, ನೀವೇ ತೆಗೆದುಕೊಳ್ಳಿ" ಎಂದರು. ಹಾಚಿಯಾ-ಸಾನ್ ಮಾಡಿದ್ದ. ಪೆಟ್ಟಿಗೆಗಳನ್ನು ಯಾವತ್ತು ತರಲಿ ಎಂದು ಕೇಳಿದ. ನಾನು ತಿರುಗಿ ಕೂಗಿ ಕೇಳಿದೆ.

"ಯೋಕಾ" ಎಂದರು ಒಬಾಚಾನ್.

"ಯೊಕ್ಕಾ" ಎಂದೆ ನಾನು ಫೋನಿಗೆ, ನಾಲ್ಕನೆಯ ತಾರೀಕು ಎಂದು.

"ಯೊಕ್ಕಾ ಅಲ್ವಾ?" ಎಂದು ಅವನು ಇನ್ನೊಮ್ಮೆ ಕೇಳಿದ.

"ಹಾಯ್" ಎಂದೆ. ಹೌದು ಎಂದು.

ಏಪ್ರಿಲ್ ನಾಲ್ಕನೆಯ ತಾರೀಕು ಬೆಳಿಗ್ಗೆ ಹಾಚಿಯಾ-ಸಾನ್ ಚಿಕ್ಕ ಟ್ರಕ್ಕಿನಲ್ಲಿ ನಾಲ್ಕು ಜೇನುಪೆಟ್ಟಿಗೆ ತಂದಿಳಿಸಿದ. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಮೇಲೆ ನೋಡಿದ. ನಾಶಿ ಮೊಗ್ಗುಗಳು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಒಬಾಚಾನ್ ಪೆಟ್ಟಿಗೆಗಳನ್ನು ನೋಡಿ, "ಹಾಯಾಯ್ ನೇ" ಎಂದರು, ಬೇಗ ಬಂದವಲ್ಲ ಎಂಬ ಅರ್ಥದಲ್ಲಿ. ಅವನು ತಲೆ ಬಗ್ಗಿಸಿದ. ಅವರೂ ತಲೆ ಬಗ್ಗಿಸಿದರು. ಅವನಿಗೆ ಬೇರೆ ತೋಟಗಳಿದ್ದಾವೆ, ಅನುಕೂಲಕ್ಕೆ ಮುಂಚೆ ತಂದಿದ್ದಾನೆ ಎಂದು ಅವರು ಅಂದುಕೊಂಡರು. ತೋಟದವರೇ ಬೇಗ ಬೇಕೆಂದಿದ್ದಾರೆ ಎಂದು ಅವನು ಅಂದುಕೊಂಡ. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನನಗೂ ಯಾಕಿಷ್ಟು ಬೇಗ ಎನಿಸಿತು. ಹೂವು ಅರಳುವ ಮೊದಲು ಜೇನು ತಂದಿಟ್ಟರೆ ಏನಾಗುತ್ತದೆ ಎಂದು ನಾನು ಓದಿದ್ದೆ, ಕಣ್ಣಾರೆ ಕಂಡೂ ಇದ್ದೆ. ಜೇನಿಗೆ ನಮ್ಮ ಬೆಳೆಯ ಹಂಗಿಲ್ಲ. ಹೊಸ ಜಾಗಕ್ಕೆ ಬಂದರೆ ಮೊದಲು ಪೆಟ್ಟಿಗೆಯ ಮುಂದೆ ಸುತ್ತು ಹಾಕಿ ಗುರುತು ಮಾಡಿಕೊಳ್ಳುತ್ತವೆ. ಆಮೇಲೆ ಕೆಲವು ಹುಡುಕಲು ಹೋಗುತ್ತವೆ. ಒಳ್ಳೆಯ ಹೂವು ಸಿಕ್ಕರೆ ತಿರುಗಿ ಬಂದು, ಗೂಡಿನ ಮೇಣದ ಎರಿಯ ಮೇಲೆ ಕುಣಿದು ದಿಕ್ಕು, ದೂರ ತಿಳಿಸುತ್ತವೆ. ಒಮ್ಮೆ ಒಂದು ಜಾತಿಯ ಹೂವು ಹಿಡಿದ ಜೇನು ಅದು ಮುಗಿಯುವ ತನಕ ಇನ್ನೊಂದರ ಕಡೆ ಸುಲಭಕ್ಕೆ ತಿರುಗುವುದಿಲ್ಲ. ಅದರ ಈ ಹಟದಿಂದಲೇ ಗಿಡಗಳಿಗೆ ಉಪಕಾರ. ಒಂದೇ ಜಾತಿಯ ಮರದಿಂದ ಮರಕ್ಕೆ ಹೋದರೆ ತಾನೆ ಪರಾಗ ಸೇರುವುದು. ಆದರೆ ನಮ್ಮ ತೋಟದ ಆಚೆ, ಹಳ್ಳದ ದಂಡೆಯುದ್ದಕ್ಕೂ ಸಾಸಿವೆಯಂಥ ಹಳದಿ ಹೂವು ಅರಳಿ ನಿಂತಿತ್ತು. ನಾಶಿ ಹೂವಿನ ಮಕರಂದವೋ ನೀರು ನೀರು, ವಾಸನೆಯೂ ಹಸಿ ಮೀನಿನದು. ಎರಡನ್ನೂ ಮುಂದಿಟ್ಟರೆ ಜೇನು ಯಾವುದಕ್ಕೆ ಹೋಗುತ್ತದೆ ಎಂದು ಕೇಳಬೇಕಾಗಿಲ್ಲ.

ಆ ಸಂಜೆ ಅಡುಗೆ ಮಾಡುತ್ತ ಮಗಳಿಗೆ ಹೇಳಿದೆ, ಜೇನು ಬಂತು, ಯೊಕ್ಕಾ ದಿನ ಅಂದಿದ್ದರು, ಸರಿಯಾಗಿ ಇವತ್ತೇ ಬಂತು ಎಂದು. ಅವಳು ಊಟದ ಮೇಜಿನ ಮೇಲೆ ಚಿತ್ರ ಬರೆಯುತ್ತಿದ್ದಳು.

"ಯೊಕ್ಕಾನಾ, ಯೋಕಾನಾ?"

"ಎರಡೂ ಒಂದೇ ಅಲ್ವೇನೇ?"

"ನೋ ಅಮ್ಮಾ! ಯೊಕ್ಕಾ ಈಸ್ ಫೋರ್. ಯೋಕಾ ಈಸ್ ಎಯ್ಟ್. ಫಸ್ಟ್ ಗ್ರೇಡಲ್ಲೇ ಹೇಳ್ಕೊಡ್ತಾರೆ."

ನಾನು ಒಲೆ ಸಣ್ಣ ಮಾಡಿ ನಿಂತುಕೊಂಡೆ. ಒಬಾಚಾನ್ ಬಾಯಿಯಿಂದ ಬಂದ ಶಬ್ದವನ್ನು ನೆನಪಿಸಿಕೊಂಡೆ. ಅದು ಉದ್ದವಾಗಿತ್ತು. ಯೋ...ಕಾ. ಎಂಟನೆಯ ತಾರೀಕು. ನಾನು ಅದನ್ನು ಗಿಡ್ಡ ಮಾಡಿ ನಾಲ್ಕಕ್ಕೆ ತಂದಿದ್ದೆ.

ಗಂಡ ಬಂದ ಮೇಲೆ ಹೇಳಿದೆ. ಅವರು ಶೂ ಬಿಚ್ಚುತ್ತ, "ನಾಲ್ಕು ದಿನ ತಾನೆ, ವಾಟ್ಸ್ ದ ಬಿಗ್ ಡೀಲ್? ನಾಳೆ ಸುಮಿಮಾಸೆನ್ ಅಂದ್ಬಿಡು" ಎಂದರು. ಕ್ಷಮಿಸಿ ಎನ್ನುವ ಸುಲಭದ ಮಾತು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಆ ಮಾತನ್ನು ಜಪಾನಿಯಲ್ಲಿ ಜೋಡಿಸಿಕೊಂಡೆ. ತೋಟಕ್ಕೆ ಹೋದರೆ ಒಬಾಚಾನ್ ಪೆಟ್ಟಿಗೆಗಳ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಿದ್ದರು. "ನೋಡಿ ಒಕುಸಾನ್, ಎಷ್ಟು ಚುರುಕು!" ಎಂದರು. ಬಿಸಿಲು ಚೆನ್ನಾಗಿತ್ತು. ಜೇನು ಒಂದರ ಹಿಂದೆ ಒಂದು ಹೊರಬಿದ್ದು ಚಪ್ಪರದ ಮೇಲಿಂದ ಹಾರಿ ಹೋಗುತ್ತಿದ್ದವು. ತಿರುಗಿ ಬರುವವುಗಳ ಹಿಂಗಾಲಲ್ಲಿ ಮೊಟ್ಟೆಯ ಹಳದಿಯಂಥ ಗಾಢ ಉಂಡೆ. ಅದು ಹಳ್ಳದ ದಂಡೆಯ ಹೂವಿನದು. ಅವರಿಗೆ ಅದು ಗೊತ್ತಾಗಲಿಲ್ಲ; ಖುಷಿಯಲ್ಲಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಹೆದರಿಕೆಯಿಂದ ಎಂದರೆ ಪೂರ್ತಿ ನಿಜವಲ್ಲ. ಸುಸ್ತಾಗಿದ್ದೆ, ಅಷ್ಟೆ. ಒಂದು ತಪ್ಪು ಒಪ್ಪಿಕೊಳ್ಳಲು ಎಷ್ಟು ವಾಕ್ಯ ಬೇಕು, ಅದೂ ನನ್ನದಲ್ಲದ ಭಾಷೆಯಲ್ಲಿ; ಎಷ್ಟು ಸಲ ಬಗ್ಗಬೇಕು, ಅವರು ಪರವಾಗಿಲ್ಲ ಅಂದರೆ ಆ ಪರವಾಗಿಲ್ಲ ನಿಜವೋ ಶಿಷ್ಟಾಚಾರವೋ ಎಂದು ಎಷ್ಟು ದಿನ ತಲೆ ಕೆಡಿಸಿಕೊಳ್ಳಬೇಕು. ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಮೂರು ನಾಳೆಗಳು ಕಳೆದವು.

ಎಂಟನೆಯ ತಾರೀಕು ಹೂವು ಒಡೆಯಿತು. ಒಂಬತ್ತನೆಯ ತಾರೀಕಿಗೆ ತೋಟವೆಲ್ಲ ಬೆಳ್ಳಗೆ, ತಲೆಯ ಮೇಲೆ ಬಿಳಿ ಚಾವಣಿ ಹಾಸಿದ ಹಾಗೆ. ಅದರ ಕೆಳಗೆ ಎಷ್ಟು ನಿಶ್ಶಬ್ದವಿತ್ತೆಂದರೆ ನನ್ನ ಉಸಿರು ನನಗೆ ಕೇಳಿಸುತ್ತಿತ್ತು. ಹೂಬಿಟ್ಟ ತೋಟದಲ್ಲಿ ಗುಂಯ್ ಎನ್ನುವ ಸದ್ದು ಇರಬೇಕು. ನಾನು ಒಂದು ಕೊಂಬೆಯ ಕೆಳಗೆ ಹತ್ತು ನಿಮಿಷ ನಿಂತು ನೋಡಿದೆ. ಎರಡೇ ಎರಡು ಜೇನು ಬಂದವು. ಉಳಿದವೆಲ್ಲ ಮೇಲಿಂದ ಹಳ್ಳದ ಕಡೆಗೆ ಹೋಗುತ್ತಿದ್ದವು.

ಒಬಾಚಾನ್ ಕೂಡ ಮಧ್ಯಾಹ್ನದ ಹೊತ್ತಿಗೆ ಅದನ್ನು ಕಂಡುಕೊಂಡರು. ಶೆಡ್ಡಿಗೆ ಹೋಗಿ ಕೋಲುಗಳನ್ನು ತಂದರು. ಬಿದಿರಿನ ಕಡ್ಡಿಯ ತುದಿಗೆ ಹಕ್ಕಿಯ ಮೆತ್ತನೆಯ ಪುಕ್ಕದ ಉಂಡೆ ಕಟ್ಟಿದ ಕೋಲು. ಪರಾಗವನ್ನು ಗುಲಾಬಿ ಬಣ್ಣದ ಪುಡಿಯ ಜೊತೆ ಬೆರೆಸಿ, ಪುಕ್ಕಕ್ಕೆ ಅದ್ದಿ, ಹೂವಿನ ನಡುವಿನ ಎಳೆಗಳಿಗೆ ಮೆಲ್ಲಗೆ ತಾಗಿಸಬೇಕು. ಒಂದು ಗೊಂಚಲಲ್ಲಿ ಏಳೆಂಟು ಹೂವು. ಬುಡದಿಂದ ಮೂರು, ನಾಲ್ಕು, ಐದನೆಯದಕ್ಕೆ ಮುಟ್ಟಿಸಿದರೆ ಸಾಕು. ಗುಲಾಬಿ ಬಣ್ಣ ಹತ್ತಿದ್ದರೆ ಮುಟ್ಟಿಸಿದ್ದಾಗಿದೆ ಎಂದು ಲೆಕ್ಕ. ಕತ್ತು ಮೇಲೆ, ಕೈ ಮೇಲೆ, ಕಣ್ಣಿಗೆ ಪುಡಿ. ಅರ್ಧ ಗಂಟೆಯಲ್ಲಿ ಭುಜ ಕಲ್ಲಾಗುತ್ತದೆ. ಅವ್ವ ಹದಿನೈದು ವರ್ಷ ಇದನ್ನು ಹೇಗೆ ಮಾಡಿದಳು ಎಂದು ಆ ದಿನ ಮೊದಲ ಸಲ ಯೋಚಿಸಿದೆ. ಅಷ್ಟು ವರ್ಷ ಅವಳು ಸಂಜೆ ಬಂದು ಗೋಡೆಗೆ ಒರಗಿ ಕೂತಾಗ ನಾನು ಪುಸ್ತಕದಿಂದ ತಲೆ ಎತ್ತಿರಲಿಲ್ಲ.

ಮೂರು ಗಂಟೆಗೆ ಚಹಾ ಕುಡಿಯುವಾಗ ಒಬಾಚಾನ್ ಹೇಳಿದರು, "ಹಾಚಿಯಾ-ಸಾನ್ ತನ್ನ ಅನುಕೂಲ ನೋಡಿಕೊಂಡ. ಬೇಗ ತಂದು ಹಾಕಿ ಹೋದ. ಒಬ್ಬಳೇ ಮುದುಕಿ, ಏನು ಕೇಳುತ್ತಾಳೆ ಅಂದುಕೊಂಡಿರಬೇಕು. ಮುಂದಿನ ವರ್ಷ ಅವನು ಬೇಡ. ಸಹಕಾರ ಸಂಘದಲ್ಲೂ ಹೇಳುತ್ತೇನೆ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಕೇಳಿಸಿಕೊಳ್ಳುವುದು ಕಷ್ಟವಾಯಿತು. ಆದರೂ ಆ ದಿನವೂ ಹೇಳದೆ ಬಸ್ಸು ಹತ್ತಿದೆ.

ಹತ್ತನೆಯ ತಾರೀಕು ಬೆಳಿಗ್ಗೆ ಕೆಲಸದ ಬಟ್ಟೆ ಹಾಕಿಕೊಳ್ಳುವ ಮೊದಲೇ ಅವರ ಮುಂದೆ ಹೋಗಿ ನಿಂತೆ. ಬಸ್ಸಿನಲ್ಲಿ ಜೋಡಿಸಿಕೊಂಡ ವಾಕ್ಯಗಳೆಲ್ಲ ಮರೆತುಹೋದವು. "ಹಾಚಿಯಾ-ಸಾನ್‌ದು ತಪ್ಪಲ್ಲ. ನೀವು ಯೋಕಾ ಅಂದಿರಿ. ನಾನು ಫೋನಿನಲ್ಲಿ ಯೊಕ್ಕಾ ಅಂದೆ. ಜೇನು ಬಂದ ದಿನ ಸಂಜೆಯೇ ನನಗೆ ಗೊತ್ತಾಯಿತು. ಹೇಳಲಿಲ್ಲ. ಸುಮಿಮಾಸೆನ್."

ಅವರು ಕೈಯಲ್ಲಿದ್ದ ಪುಕ್ಕದ ಕೋಲನ್ನು ತಿರುಗಿಸುತ್ತಿದ್ದರು.

"ನಾಲ್ಕನೆಯ ತಾರೀಕೇ ಗೊತ್ತಿತ್ತೇ?"

"ಹಾಯ್."

"ಅವತ್ತೇ ಹೇಳಿದ್ದರೆ ಪೆಟ್ಟಿಗೆ ತೆಗೆದುಕೊಂಡು ಹೋಗು ಅನ್ನಬಹುದಿತ್ತು."

"ಹಾಯ್. ಅದೂ ಗೊತ್ತಿತ್ತು."

ಪರವಾಗಿಲ್ಲ ಎಂದು ಅವರು ಅನ್ನಲಿಲ್ಲ. ಅನ್ನದಿದ್ದದ್ದಕ್ಕೆ ಈಗಲೂ ಅವರ ಮೇಲೆ ಗೌರವವಿದೆ. ಅವರು ಸುಳ್ಳು ಸಮಾಧಾನ ಹೇಳದ್ದರಿಂದಲೇ ನನ್ನ ಮನಸ್ಸು ಹಗುರಾಯಿತು. ಗೋಡೆಯ ಫೋನಿನ ಕಡೆ ಕೈ ತೋರಿಸಿ, "ನೀವೇ ಮಾಡಿ ಹೇಳಿ" ಎಂದು ತೋಟದೊಳಗೆ ಹೋದರು.

ಹಾಚಿಯಾ-ಸಾನ್‌ಗೆ ಮೂರು ಸಲ ಹೇಳಬೇಕಾಯಿತು. ಅವನು ಎಲ್ಲ ಕೇಳಿ, "ಮೊಗ್ಗು ನೋಡಿಯೂ ನಾನು ಕೇಳಲಿಲ್ಲ" ಎಂದ. ಆಮೇಲೆ, "ಅಲ್ಲಿರುವ ಜೇನು ಇನ್ನು ತಿರುಗುವುದಿಲ್ಲ. ಸ್ಟ್ರಾಬೆರಿ ಬೆಳೆಸುವ ಪ್ಲಾಸ್ಟಿಕ್ ಮನೆಗಳಿಂದ ತೆಗೆದ ಎರಡು ಪೆಟ್ಟಿಗೆ ಇವೆ. ಬಲ ಕಡಿಮೆ. ನಾಳೆ ತರುತ್ತೇನೆ" ಎಂದ. ಈ ಸಲ ನಾನು, "ಹನ್ನೊಂದನೆಯ ತಾರೀಕು, ಹತ್ತು ಮತ್ತು ಒಂದು" ಎಂದು ಬಿಡಿಸಿ ಹೇಳಿದೆ. ಅವನು ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ.

ಮರುದಿನ ಬೆಳಕು ಹರಿಯುವಾಗಲೇ ಅವನು ಬಂದು ಹಳೆಯ ಪೆಟ್ಟಿಗೆಗಳನ್ನು ಮುಚ್ಚಿ ಟ್ರಕ್ಕಿಗೆ ಏರಿಸಿದ್ದನಂತೆ. ನಾನು ಹೋಗುವಷ್ಟರಲ್ಲಿ ಹೊಸ ಎರಡು ತೋಟದ ನಟ್ಟನಡುವೆ, ಹೂವಿನ ಕೆಳಗೆ ಕುಳಿತಿದ್ದವು. ಚಳಿಗಾಲವೆಲ್ಲ ಪ್ಲಾಸ್ಟಿಕ್ ಮನೆಯೊಳಗೆ ಸ್ಟ್ರಾಬೆರಿಗೆ ದುಡಿದ ಜೇನು ಅವು. ಪ್ಲಾಸ್ಟಿಕ್ಕಿಗೆ ಬಡಿದು ಬಡಿದು ಎಷ್ಟೋ ಜೇನಿನ ರೆಕ್ಕೆಯ ಅಂಚು ಹರಿದಿತ್ತು. ಹೊರಬಂದು ಪೆಟ್ಟಿಗೆಯ ಹಲಗೆಯ ಮೇಲೆ ಬಿಸಿಲು ಕಾಯುತ್ತ ನಿಲ್ಲುತ್ತಿದ್ದವು. ಹತ್ತು ಗಂಟೆಗೆ ಹವೆ ಬೆಚ್ಚಗಾದ ಮೇಲೆ ಒಂದೊಂದೇ ಎದ್ದವು. ದೂರ ಹೋಗುವ ಶಕ್ತಿ ಇರಲಿಲ್ಲವೋ, ಹತ್ತಿರದ್ದೇ ಮೊದಲು ಕಂಡಿತೋ, ನಾಶಿ ಹೂವಿಗೇ ಇಳಿದವು. ಕೇಸರಗಳ ಮೇಲೆ ಅಡ್ಡಾಡಿ ಮೈಗೆಲ್ಲ ಪುಡಿ ಹಚ್ಚಿಕೊಂಡು, ಮುಂಗಾಲಿನಿಂದ ಬಳಿದು ಹಿಂಗಾಲಿಗೆ ಒತ್ತಿ, ಪಕ್ಕದ ಮರಕ್ಕೆ ಹೋದವು. ಮಧ್ಯಾಹ್ನ ತಿರುಗಿ ಬಂದವುಗಳ ಕಾಲಲ್ಲಿ ತೆಳು ಬಣ್ಣದ ಚಿಕ್ಕ ಉಂಡೆ ನೋಡಿ ಒಬಾಚಾನ್‌ಗೆ ತೋರಿಸಿದೆ. "ಇದು ನಮ್ಮದು" ಎಂದೆ. ಅವರು ಕನ್ನಡಕ ಏರಿಸಿ ನೋಡಿ, "ಹ್ಞೂಂ" ಎಂದು ಮತ್ತೆ ಕೋಲು ಎತ್ತಿದರು.

ಹನ್ನೆರಡನೆಯ ತಾರೀಕು ಮಳೆ. ಜೇನು ಪೆಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಹದಿಮೂರು, ಹದಿನಾಲ್ಕು ನಾವಿಬ್ಬರೂ ಸಾಲು ಹಂಚಿಕೊಂಡು ಮುಟ್ಟಿಸಿದೆವು. ಮಾತು ಕಡಿಮೆಯಾಗಿತ್ತು, ಆದರೆ ಮಧ್ಯಾಹ್ನ ಅವರು ತಮ್ಮ ನೋವಿನ ಔಷಧದ ಅಂಟುಪಟ್ಟಿಯೊಂದನ್ನು ಬಿಚ್ಚಿ ನನ್ನ ಭುಜಕ್ಕೆ ಅಂಟಿಸಿದರು. ಅಂಟಿಸುವಾಗ ಸ್ವಲ್ಪ ಜೋರಾಗಿಯೇ ತಟ್ಟಿದರು. ಹಳ್ಳದ ಕಡೆಯ ಕೊನೆಯ ಎರಡು ಸಾಲಿಗೆ ನಮ್ಮ ಕೈಯೂ ಮುಟ್ಟಲಿಲ್ಲ, ಜೇನೂ ಸರಿಯಾಗಿ ಹೋಗಲಿಲ್ಲ. ಹದಿನೈದಕ್ಕೆ ಗಾಳಿ ಬೀಸಿ ದಳಗಳೆಲ್ಲ ನೆಲಕ್ಕೆ ಬಿದ್ದವು.

ಆಗಸ್ಟಿನಲ್ಲಿ ಹಣ್ಣು ಕೀಳಲು ನನ್ನನ್ನು ಕರೆದರು. ಕರೆಯುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ನಡುವಿನ ಸಾಲುಗಳಲ್ಲಿ ಬೆಳೆ ಪರವಾಗಿಲ್ಲ ಎನ್ನುವಂತಿತ್ತು. ಕೊನೆಯ ಎರಡು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು, ಅದರಲ್ಲೂ ಬಹಳಷ್ಟು ಸೊಟ್ಟ. ಪರಾಗ ಪೂರ್ತಿ ಸೇರದ ಹೂವಿನಲ್ಲಿ ಒಂದು ಪಕ್ಕಕ್ಕೆ ಮಾತ್ರ ಬೀಜ ಕಟ್ಟುತ್ತದೆ. ಬೀಜವಿರುವ ಕಡೆ ಹಣ್ಣು ಉಬ್ಬುತ್ತದೆ, ಇಲ್ಲದ ಕಡೆ ಕುಗ್ಗುತ್ತದೆ. ಸೊಟ್ಟ ಹಣ್ಣುಗಳನ್ನು ಬೇರೆ ಬುಟ್ಟಿಗೆ ಹಾಕಿ ಶೆಡ್ಡಿನ ಮುಂದೆ ಕಡಿಮೆ ಬೆಲೆಗೆ ಇಟ್ಟೆವು. ಜನ ಅದನ್ನೇ ಮೊದಲು ಕೊಂಡರು. ರುಚಿಯಲ್ಲಿ ವ್ಯತ್ಯಾಸವಿರಲಿಲ್ಲ.

"ಆ ಎರಡು ಸಾಲು ಈ ಚಳಿಗಾಲದಲ್ಲಿ ಕಡಿಸಿಬಿಡುತ್ತೇನೆ" ಎಂದರು ಒಬಾಚಾನ್.

ನನ್ನ ಮುಖ ನೋಡಿ, "ನಿಮ್ಮ ಕಾರಣಕ್ಕಲ್ಲ. ನನಗೆ ಸಾಕಾಗಿದೆ. ಉಳಿದದ್ದನ್ನು ನೋಡಿಕೊಂಡರೆ ಆಯಿತು" ಎಂದರು. ಅದು ನಿಜವೋ ಶಿಷ್ಟಾಚಾರವೋ ನಾನು ಕೇಳಲಿಲ್ಲ. ಹಾಚಿಯಾ-ಸಾನ್‌ಗೆ ಮುಂದಿನ ವರ್ಷಕ್ಕೂ ಹೇಳಿದ್ದಾರೆಂದು ಮಾತ್ರ ಗೊತ್ತಾಯಿತು. ಅವನು ಆ ವಾರ ಬಂದು ಒಂದು ಬುಟ್ಟಿ ಹಣ್ಣು ಒಯ್ದಿದ್ದ.

ಹೊರಡುವಾಗ ಒಬಾಚಾನ್ ನನಗೂ ಒಂದು ಚೀಲ ತುಂಬಿಸಿಕೊಟ್ಟರು. ಬಿಸಿಲು ಇನ್ನೂ ಇಳಿದಿರಲಿಲ್ಲ. ಮೊತೊಯಾವಾತಾದಲ್ಲಿ ರೈಲು ಹತ್ತಿ, ಖಾಲಿ ಸೀಟು ಸಿಕ್ಕಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಎಚ್ಚರವಾದಾಗ ಬಾಗಿಲು ತೆರೆದಿತ್ತು, ಫಲಕದ ಮೇಲೆ ಓಜಿಮಾ ಎಂದಿತ್ತು. ಫುನಾಬೊರಿ ದಾಟಿ ಎರಡು ಸ್ಟೇಷನ್ ಮುಂದೆ ಬಂದಿದ್ದೆ. ಗಡಬಡಿಸಿ ಇಳಿದೆ. ಮಗಳಿಗೆ ಫೋನ್ ಮಾಡಿ, "ಅನ್ನಕ್ಕೆ ಅಕ್ಕಿ ತೊಳೆದಿಡು ಚಿನ್ನ, ಬರ್ತಾ ಇದೀನಿ" ಎಂದೆ.

"ಎಲ್ಲಿದೀಯಾ ಅಮ್ಮಾ?"

"ಸ್ವಲ್ಪ ಮುಂದೆ ಬಂದ್ಬಿಟ್ಟೆ."

ಎದುರು ಪ್ಲಾಟ್‌ಫಾರ್ಮಿಗೆ ಹೋಗಲು ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. ಬೆಂಚಿನ ಮೇಲೆ ಚೀಲವಿಟ್ಟು ಎರಡು ನಿಮಿಷ ಎಂದು ಕುಳಿತೆ. ಒಂದು ರೈಲು ಹೋಯಿತು. ಇನ್ನೊಂದು ಹೋಯಿತು. ಆಮೇಲೆ ಎದ್ದೆ.